ಸೂಜಿಮೊನೆಯ ಹೂವು

ಪರಿಸರವೆಂದೊಡನೆ ನಾವು ಕಾಡು, ನದಿ, ಗಣಿ, ಅಣೆಕಟ್ಟುಗಳ ಮಾತನ್ನಾಡುತ್ತೇವೆ. ನಮ್ಮ ಮೈಮೇಲಿನ ಬಟ್ಟೆಯ ಮಾತು ಬರುವುದು ವಿರಳ. ಆದರೆ ಅದೂ ಮಣ್ಣು ಮತ್ತು ನೀರಿನಿಂದಲೇ ಬಂದದ್ದು. ಒಂದು ಕಿಲೋ ಹತ್ತಿಬಟ್ಟೆ ಸಿದ್ಧವಾಗಲು ಜಾಗತಿಕ ಸರಾಸರಿಯಲ್ಲಿ ಸುಮಾರು 10,000 ಲೀಟರ್ ನೀರು ಬೇಕೆಂದು ಅಂದಾಜಿಸಲಾಗಿದೆ. ಅಗ್ಗವೆಂದು ನಾವು ಕೊಳ್ಳುವ ಪಾಲಿಯೆಸ್ಟರ್ ಪೆಟ್ರೋಲಿಯಂನ ಸಂತಾನ. ಒಗೆದಾಗಲೆಲ್ಲ ಅದರಿಂದ ಕಳಚುವ ಸೂಕ್ಷ್ಮ ಎಳೆಗಳು ಹಳ್ಳದ ನೀರನ್ನು ಸೇರುತ್ತವೆ, ಕೊಳೆಯುವುದಿಲ್ಲ. ಒಂದು ಅಂಗಿಯನ್ನು ಇನ್ನೆರಡು ವರ್ಷ ಹೆಚ್ಚು ಬಾಳಿಸುವುದೂ ನೀರು ಉಳಿಸುವ ಕಾಯಕವೇ. ಈ ಕಾಯಕವನ್ನು ಸದ್ದಿಲ್ಲದೆ ಮಾಡುತ್ತ ಬಂದಿರುವುದು ಸೂಜಿ ಮತ್ತು ದಾರ.

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಸೀಮೆಯ ಸಿದ್ದಿ ಮಹಿಳೆಯರ ಕೌದಿಗಳನ್ನು ನೋಡಿ. ಹಳೆಯ ಸೀರೆ, ಲುಂಗಿ, ಹರಿದ ಅಂಗಿಗಳ ತುಂಡುಗಳನ್ನು ಅಂಚಿನಿಂದ ಜೋಡಿಸುತ್ತ, ಸುತ್ತುಸುತ್ತಾಗಿ ಒಳಗೆ ಸಾಗುವ ಹೊಲಿಗೆ ನಡುವಿನಲ್ಲಿ ಬಂದು ಮುಗಿಯುತ್ತದೆ. ಕೊನೆಗೆ ನಾಲ್ಕು ಮೂಲೆಗಳಲ್ಲಿ ಮಡಚಿದ ಬಟ್ಟೆಯ ಪುಟ್ಟ ತ್ರಿಕೋನಗಳು ಕೂರುತ್ತವೆ. ಅವಕ್ಕೆ ‘ಫೂಲ’, ಅಂದರೆ ಹೂವು ಎಂದು ಹೆಸರು. ಅವಿಲ್ಲದ ಕೌದಿ ಬೆತ್ತಲೆಯೆಂದೇ ಲೆಕ್ಕ. ಚಳಿಗೆ ಬೇಕಾದದ್ದು ಹೊದಿಕೆ, ಹೂವಲ್ಲ. ಆದರೂ ಹೂವಿಲ್ಲದೆ ಕೆಲಸ ಪೂರ್ಣವಾಗದು ಎಂಬ ಈ ತಿಳಿವಳಿಕೆ ಬಡತನದ ನಡುವೆಯೂ ಉಳಿದು ಬಂದಿದೆ.

ಬಯಲಿಗಿಳಿದರೆ ಧಾರವಾಡ ಸೀಮೆಯ ಕಸೂತಿ ಇದೆ. ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳದೆ, ದಾರಕ್ಕೆ ಗಂಟು ಹಾಕದೆ, ನೇಯ್ಗೆಯ ಎಳೆಗಳನ್ನು ಎಣಿಸುತ್ತಲೇ ಗೋಪುರ, ತೇರು, ತುಳಸಿಕಟ್ಟೆ, ಕಮಲಗಳನ್ನು ಮೂಡಿಸುವ ವಿದ್ಯೆ ಅದು. ಗವಂತಿ, ಮುರ್ಗಿ, ನೇಯ್ಗಿ, ಮೆಂತಿ ಎಂಬವು ಅದರ ನಾಲ್ಕು ಹೊಲಿಗೆಗಳು. ಗವಂತಿಯಲ್ಲಿ ಬಟ್ಟೆಯ ಮೇಲ್ಮೈಯೂ ಒಳಮೈಯೂ ಒಂದೇ ತೆರನಾಗಿ ಕಾಣುತ್ತವೆ. ಗಣಿತವನ್ನು ಬೆರಳ ತುದಿಯಲ್ಲಿ ಇರಿಸಿಕೊಂಡ ಈ ಮಹಿಳೆಯರನ್ನು ‘ಬಿಡುವಿನ ಕೆಲಸದವರು’ ಎಂದು ಕರೆಯುವುದು ನಮ್ಮ ಅಜ್ಞಾನ.

ವಿದ್ಯಾರ್ಥಿಗಳಿಗೆ ಇದರಲ್ಲಿ ಇನ್ನೊಂದು ಪಾಠವಿದೆ. ಹೂವನ್ನು ದಾರದಲ್ಲಿ ಮೂಡಿಸಬೇಕಾದರೆ ಮೊದಲು ಅದನ್ನು ಸರಿಯಾಗಿ ನೋಡಬೇಕು. ನಮ್ಮ ಕಾಡಿನ ಸೀತಾ ಅಶೋಕವನ್ನೇ ತೆಗೆದುಕೊಳ್ಳಿ. ಅದರ ಹೂವಿಗೆ ದಳಗಳೇ ಇಲ್ಲ. ದಳವೆಂದು ನಾವು ಭ್ರಮಿಸುವುದು ನಾಲ್ಕು ಪುಷ್ಪಪತ್ರಗಳನ್ನು. ಅರಳಿದಾಗ ಹಳದಿ–ಕಿತ್ತಳೆಯಾಗಿರುವ ಹೂವು ಬಲಿತಂತೆ ಕೆಂಪಾಗುತ್ತದೆ. ಒಂದು ಗೊಂಚಲನ್ನು ಹೊಲಿಯಲು ಕನಿಷ್ಠ ಮೂರು ಬಣ್ಣದ ದಾರ ಬೇಕು. ಹೊರಚಾಚಿದ ಕೇಸರಗಳಿಗೆ ಉದ್ದನೆಯ ಹೊಲಿಗೆ ಬೇಕು. ಮಳೆಗಾಲದ ಆರಂಭದಲ್ಲಿ ಮರಗಳ ಮೇಲಿಂದ ಜೋಲುವ ಸೀತಾಳೆದಂಡೆಯ ಬಿಳಿ ಹೂಗಳ ಮೇಲಿರುವ ನೇರಳೆ ಚುಕ್ಕೆಗಳನ್ನು ಸೂಜಿ ಹಿಡಿದವರು ಮರೆಯಲಾರರು. ಔಷಧಕ್ಕಾಗಿ ಅಶೋಕದ ತೊಗಟೆಯನ್ನು ಸುಲಿದು ಮರಗಳನ್ನು ಕೊಲ್ಲಲಾಗುತ್ತಿರುವ ಈ ದಿನಗಳಲ್ಲಿ, ಹೂವನ್ನು ಗುರುತಿಸಬಲ್ಲ ಕಣ್ಣುಗಳು ಹೆಚ್ಚಬೇಕಾದುದು ಅಗತ್ಯ. ಗುರುತಿಲ್ಲದ ಮರ ಬಿದ್ದರೆ ಕೇಳುವವರು ಯಾರು?

ಆದರೆ ಕೈಕೆಲಸವನ್ನು ಕೊಂಡಾಡಿ ಕೈಯನ್ನು ಮರೆಯುವ ಚಾಳಿ ನಮ್ಮಲ್ಲಿದೆ. 2023ರ ಜುಲೈನಲ್ಲಿ ಹಂಪಿಯ ಜಿ-20 ಸಭೆಯ ಸಂದರ್ಭದಲ್ಲಿ, ಸಂಡೂರು ಸೀಮೆಯ 450ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರು ಸಿದ್ಧಪಡಿಸಿದ 1,755 ಕಸೂತಿ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಗೆ ಸೇರಿತು. ಸಂತೋಷದ ಸಂಗತಿಯೇ. ಆದರೆ ದಾಖಲೆಯಿಂದ ಕೂಲಿ ನಿರ್ಧಾರವಾಗುವುದಿಲ್ಲ. ಕೈಹೊಲಿಗೆಯ ಸೀರೆಯೊಂದು ವಾರಗಟ್ಟಲೆ ದುಡಿಮೆಯನ್ನು ಬೇಡಿದರೆ, ಅದೇ ವಿನ್ಯಾಸವನ್ನು ಯಂತ್ರವು ಕೆಲವೇ ಗಂಟೆಗಳಲ್ಲಿ ಒತ್ತಿ ಕೊಡುತ್ತದೆ. ಇವೆರಡನ್ನೂ ಒಂದೇ ಬೆಲೆಯ ತಕ್ಕಡಿಯಲ್ಲಿ ತೂಗುವ ಗ್ರಾಹಕ ಕಲೆಯನ್ನೂ ಉಳಿಸಲಾರ, ಕಲಾವಿದೆಯನ್ನೂ ಉಳಿಸಲಾರ. ಭೌಗೋಳಿಕ ಗುರುತಿನ ನೋಂದಣಿ ಕಸೂತಿಗೂ ಸಂಡೂರಿನ ಲಂಬಾಣಿ ಕಲೆಗೂ ಹೆಸರಿನ ರಕ್ಷಣೆ ಕೊಟ್ಟಿದೆ; ಹೊಟ್ಟೆಯ ರಕ್ಷಣೆ ಕೊಳ್ಳುವವರಾದ ನಮ್ಮ ಕೈಯಲ್ಲಿದೆ.

ಆದ್ದರಿಂದ ಓದುಗರಲ್ಲಿ ನಮ್ಮ ಕೋರಿಕೆ ಇಷ್ಟೇ. ಈ ಮಳೆಗಾಲದಲ್ಲಿ ವಾರಕ್ಕೊಂದು ಸಂಜೆ, ಶಾಲೆಯ ಕೋಣೆಯಲ್ಲೋ ಮನೆಯ ಜಗುಲಿಯಲ್ಲೋ ಗೆಳೆಯ ಗೆಳತಿಯರು ಕೂಡಿ ಕುಳಿತುಕೊಳ್ಳಿ. ಹೊಸ ಬಟ್ಟೆ ತರಬೇಡಿ. ಹರಿದದ್ದನ್ನು, ಕಲೆಯಾದದ್ದನ್ನು ತನ್ನಿ. ತೂತಿನ ಮೇಲೊಂದು ಸುರಗಿ, ಕಲೆಯ ಮೇಲೊಂದು ಸಂಪಿಗೆ ಅರಳಲಿ. ಹೂವನ್ನು ಕೀಳದೆ, ಮರದ ಬಳಿಗೇ ಹೋಗಿ ನೋಡಿ ಬನ್ನಿ. ಊರಿನ ಹಿರಿಯ ಮಹಿಳೆಯರನ್ನು ಗುರುಗಳೆಂದು ಕರೆದು ಕೂರಿಸಿ. ಕಲಿಸಿದ ಶ್ರಮಕ್ಕೆ ಗೌರವಧನ ಕೊಡಿ. ಹುಡುಗರೂ ಸೂಜಿ ಹಿಡಿಯಲಿ. ಇಲ್ಲವಾದರೆ ಇದು ಹೆಣ್ಣುಮಕ್ಕಳ ಹೆಗಲಿಗೆ ಹೊರಿಸಿದ ಇನ್ನೊಂದು ಹೊರೆಯಾದೀತು.

ಹೊಲಿಯುವಾಗ ಕೈಗೆ ಕೆಲಸವಿರುತ್ತದೆ, ಬಾಯಿಗೆ ಬಿಡುವಿರುತ್ತದೆ. ಬತ್ತಿದ ಬಾವಿ, ಕಾಡಂಚಿನ ಬೇಲಿ, ಮನೆಯ ಕಷ್ಟ ಎಲ್ಲವೂ ಅಲ್ಲಿ ಮಾತಿಗೆ ಬರುತ್ತವೆ. ಸಭೆಯಲ್ಲಿ ಬಾಯಿ ತೆರೆಯದವರೂ ಇಂಥ ಕೂಟದಲ್ಲಿ ಮಾತನಾಡುತ್ತಾರೆ. ಊರಿನ ಸಂಗತಿಗಳನ್ನು ಅವರಿಂದ ಕೇಳಿ ತಿಳಿಯಲು ಇದಕ್ಕಿಂತ ಒಳ್ಳೆಯ ಜಾಗ ಸಂಘಟನೆಗೆ ಸಿಗಲಾರದು.