ಮದುಮಕ್ಕಳೇನು ಪಾರ್ಸೆಲ್ಲೇ?

ಮೊನ್ನೆ ಭಾನುವಾರ ಪೂಜೆ ಮುಗಿಸಿ ಚರ್ಚಿನ ಅಂಗಳದಲ್ಲಿ ನಿಂತಿದ್ದಾಗ ಪರಿಚಯದವರೊಬ್ಬರು ದುಃಖ ತೋಡಿಕೊಂಡರು. “ಮದುವೆಯಾಗಿ ಆರು ತಿಂಗಳಾಗಿಲ್ಲ ನೋಡಿ, ಕ್ರಿಸ್‌ಮಸ್‌ಗೆ ಸೊಸೆ ತವರಿಗೆ ಹೋಗ್ತಾಳಂತೆ. ಮಗನನ್ನೂ ಎಳ್ಕೊಂಡು!” ಸುತ್ತ ಇದ್ದವರೆಲ್ಲ ಪಾಪ, ಪಾಪ ಎಂದರು. ನಾನು ಅನ್ನಲಿಲ್ಲ. ಈ ‘ಎಳ್ಕೊಂಡು’ ಎಂಬ ಮಾತೇ ನನಗೆ ಆಗದು. ಹುಡುಗ ಹೆಂಡತಿಯನ್ನು ತನ್ನ ಮನೆಗೆ ಕರೆತಂದರೆ ಅದು ಪದ್ಧತಿ, ಹುಡುಗಿ ಗಂಡನನ್ನು ತನ್ನ ಮನೆಗೆ ಕರೆದೊಯ್ದರೆ ಎಳೆದಾಟ. ಯಾವ ನ್ಯಾಯ ಸ್ವಾಮಿ ಇದು?

ನಾನೇನು ದೊಡ್ಡ ಸಾಚಾ ಅಲ್ಲ. ನನ್ನ ಮಗನ ಮದುವೆ 2024ರ ಮೇ ತಿಂಗಳಲ್ಲಾಯಿತು. ಆ ವರ್ಷ ಕ್ರಿಸ್‌ಮಸ್ ಬುಧವಾರ, ಇಬ್ಬರಿಗೂ ಸಿಕ್ಕಿದ್ದು ಅದೊಂದೇ ದಿನ ರಜೆ. ಯಾರಿಗೂ ಬೇಸರವಾಗಬಾರದು ಎಂದು ನಾನೇ ಕೂತು ಟೈಮ್‌ಟೇಬಲ್ ಹಾಕಿದೆ. ಬ್ಯಾಂಕಿನವನ ಬುದ್ಧಿ, ಎರಡೂ ಕಡೆಯ ಲೆಕ್ಕ ಹೊಂದಲೇಬೇಕು! ರಾತ್ರಿಯ ಪೂಜೆ ನಮ್ಮೊಂದಿಗೆ ಮುಲುಂಡಿನಲ್ಲಿ. ಬೆಳಗಿನ ತಿಂಡಿ ನಮ್ಮಲ್ಲಿ. ಮಧ್ಯಾಹ್ನದ ಊಟ ವಸಾಯಿಯಲ್ಲಿ ಸೊಸೆಯ ತಾಯಿಮನೆ. ಸಂಜೆ ಮರೋಳಿನಲ್ಲಿ ನನ್ನ ತಂಗಿಯ ಮನೆ. ರಾತ್ರಿ ಊಟಕ್ಕೆ ವಾಪಸ್ ಮುಲುಂಡ್.

ಮುಂಬಯಿ ಗೊತ್ತಿದ್ದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ದಾದರಿನಲ್ಲಿ ಇಳಿದು ವೆಸ್ಟರ್ನ್ ಲೈನ್ ಹಿಡಿ, ವಸಾಯಿಯಿಂದ ಅಂಧೇರಿಗೆ ಬಾ, ಮೆಟ್ರೋ ಹತ್ತು, ಮತ್ತೆ ಘಾಟ್ಕೋಪರಿನಲ್ಲಿ ಲೋಕಲ್. ಕೈಯಲ್ಲಿ ಕುಸ್ವಾರಿನ ಡಬ್ಬಗಳು. ಒಂದು ಮನೆಯ ನೆವ್ರಿ ಇನ್ನೊಂದು ಮನೆಗೆ, ಅಲ್ಲಿನ ಚಕ್ಕುಲಿ ಮತ್ತೊಂದು ಮನೆಗೆ. ಡಬ್ಬಗಳ ಜೊತೆ ಈ ಎರಡು ಜೀವಗಳೂ ಪಾರ್ಸೆಲ್!

ವಸಾಯಿಯಲ್ಲಿ ಸೊಸೆಯ ತಾಯಿ ಒಬ್ಬರೇ. ಗಂಡ ಕುವೈತಿನಲ್ಲಿ, ಇರುವುದೊಬ್ಬಳೇ ಮಗಳು. ಗೋದಲಿಯನ್ನೂ ಆ ಸಲ ಅವರೊಬ್ಬರೇ ಕಟ್ಟಿದ್ದರಂತೆ. ಮಕ್ಕಳು ಹೋಗಿ ತಲುಪಿದ್ದು ಎರಡು ಗಂಟೆಗೆ. ನಮ್ಮಲ್ಲಿ ಸನ್ನದ ಜೊತೆ ಹಂದಿಮಾಂಸ ಒತ್ತಾಯ ಮಾಡಿ ಬಡಿಸಿದ್ದೆವಲ್ಲ, ಅಲ್ಲಿ ಊಟ ಸೇರಲಿಲ್ಲ. ಮೂರೂವರೆಗೆ ನಾನು ಫೋನ್ ಮಾಡಿದೆ, “ಹೊರಟ್ರಾ?” ನಾಲ್ಕಕ್ಕೆ ಮತ್ತೊಮ್ಮೆ. ನಾಲ್ಕೂಕಾಲಿಗೆ ಫೋನ್ ಎತ್ತಿದ್ದು ಬೀಗಿತ್ತಿಯೇ. “ಕಳಿಸ್ತೇನೆ ಅಣ್ಣಾ, ಈಗಲೇ ಕಳಿಸ್ತೇನೆ” ಎಂದರು.

ಆ ದನಿ ನನಗೆ ಇವತ್ತಿಗೂ ಕೇಳುತ್ತದೆ.

ರಾತ್ರಿ ಬಂದ ಸೊಸೆ ಕಾಲಿನ ಚಪ್ಪಲಿ ಕೂಡ ಬಿಚ್ಚದೆ ಸೋಫಾದಲ್ಲೇ ನಿದ್ದೆ ಹೋದಳು. “ಎಲ್ಲರಿಗೂ ಸಮಾಧಾನ ಆಯ್ತಲ್ಲ” ಎಂದೆ ನಾನು. ನನ್ನ ಹೆಂಡತಿ ಆಗ ತೆಗೆದಳು 1996ರ ಮಾತು. ನಮ್ಮ ಮೊದಲ ಕ್ರಿಸ್‌ಮಸ್. ಕೊಂಕಣ ರೈಲು ಪೂರ್ತಿ ಆಗಿರಲಿಲ್ಲ, ಬಸ್ಸಿನಲ್ಲಿ ಒಂದು ಹಗಲು ಒಂದು ರಾತ್ರಿ ಕೂತು ಶಿರ್ವಕ್ಕೆ ಹೋಗಿದ್ದೆವು. ಅವಳ ಬೆಳ್ಮಣ್ ಅಲ್ಲಿಂದ ಬಸ್ಸಿಗೆ ಅರ್ಧ ಗಂಟೆ. ಅಲ್ಲಿಗೆ ನಾನು ಕರೆದೊಯ್ದದ್ದು 26ರ ಸಂಜೆ, ಒಂದೇ ಗಂಟೆ. “ಅಮ್ಮ ಮಾಡಿಟ್ಟದ್ದನ್ನೆಲ್ಲ ಪೊಟ್ಟಣ ಕಟ್ಟಿ ಕೊಟ್ಟಿದ್ರು, ನೆನಪಿದೆಯಾ?” ಎಂದಳು. ನನಗೆ ನೆನಪಿರಲಿಲ್ಲ. ಅವಳಿಗೆ 28 ವರ್ಷ ನೆನಪಿತ್ತು.

‘ಹಬ್ಬದ ದಿನವೇ ಬರಬೇಕು’ ಎಂದು ಹಟ ಹಿಡಿಯುವವರಿಗೆ ನನ್ನದೊಂದು ಪ್ರಶ್ನೆ. ನಮ್ಮ ಚರ್ಚೇ ಕ್ರಿಸ್‌ಮಸ್ಸನ್ನು ಒಂದು ದಿನಕ್ಕೆ ಮುಗಿಸುವುದಿಲ್ಲವಲ್ಲ? ಜನವರಿಯಲ್ಲಿ ಮೂರು ರಾಯರ ಹಬ್ಬ ದಾಟಿ, ಯೇಸುವಿನ ಸ್ನಾನದೀಕ್ಷೆಯ ಹಬ್ಬದವರೆಗೆ ಅದೇ ಕಾಲ. ನಡುವೆ ಬರುವ ಭಾನುವಾರ ಪವಿತ್ರ ಕುಟುಂಬದ ಹಬ್ಬ. ಎರಡು ಮನೆಗೆ ಹಂಚಲು ಇಷ್ಟು ದಿನ ಸಾಲದೇ? ಸಾಲದಿರುವುದು ದಿನವಲ್ಲ. ಪಕ್ಕದ ಮನೆಯವರ ಮುಂದೆ ‘ಮಗ ಸೊಸೆ ನಮ್ಮಲ್ಲೇ’ ಎಂದು ತೋರಿಸಿಕೊಳ್ಳುವ ಚಟ.

2025ರಲ್ಲಿ 24ರ ಸಂಜೆಯೇ ಇಬ್ಬರನ್ನೂ ವಸಾಯಿಗೆ ಕಳಿಸಿದೆವು. “ಮಗ ಎಲ್ಲಿ?” ಎಂದು ಚರ್ಚಿನಲ್ಲಿ ಕೇಳದವರಿಲ್ಲ. ಮನೆಯಲ್ಲಿ ನಾವಿಬ್ಬರೇ, ಬಿಕೋ ಅನಿಸಿತು, ಸುಳ್ಳೇಕೆ ಹೇಳಲಿ? ಫೋನ್ ಮಾತ್ರ ನಾನು ಮಾಡಲಿಲ್ಲ. ಭಾನುವಾರ, 28ಕ್ಕೆ, ಮಕ್ಕಳು ಬಂದರು. ಜೊತೆಗೆ ಬೀಗಿತ್ತಿಯೂ ಬಂದಿದ್ದರು, ಎರಡು ಡಬ್ಬ ಕಿಡಿಯೊ ಹಿಡಿದುಕೊಂಡು.