ಆಕೆಯನ್ನು ಮಹಾತಾಯಿ ಎನ್ನಬೇಡಿ

ಜರ್ಮನಿಯ ಚಿತ್ರಕಲಾವಿದೆ ಕೇಟೆ ಕೋಲ್ವಿಟ್ಸ್ ಹೆಸರು ಬಂದಾಗಲೆಲ್ಲ ‘ಮಗನನ್ನು ಕಳೆದುಕೊಂಡ ಮಹಾತಾಯಿ’ ಎನ್ನುವವರನ್ನು ಕಂಡರೆ ನನಗೆ ರೇಗುತ್ತದೆ. ಕಳೆದುಹೋಗಲು ಅವನೇನು ಜಾತ್ರೆಗೆ ಹೋಗಿದ್ದನೇ? 1914ರಲ್ಲಿ ಯುದ್ಧಕ್ಕೆ ಹೊರಟುನಿಂತ ಪೀಟರನಿಗೆ ಹದಿನೆಂಟು. ಸೇನೆ ಸೇರಲು ಅಪ್ಪನ ಒಪ್ಪಿಗೆ ಬೇಕಿತ್ತು. ಡಾಕ್ಟರಾಗಿದ್ದ ಅಪ್ಪ ಕಾರ್ಲ್ ಒಪ್ಪಲಿಲ್ಲ. ಒಪ್ಪಿಸಿದವಳು ಈಕೆಯೇ! ಅಕ್ಟೋಬರಿನಲ್ಲಿ ಬೆಲ್ಜಿಯಂನಲ್ಲಿ ಹುಡುಗ ಸತ್ತ.

‘ಅಪ್ಪನಿಗೆ ನೀನೇ ಹೇಳಮ್ಮಾ’ ಎಂದರೆ ಕರಗದ ತಾಯಿ ಯಾರಿದ್ದಾರೆ? ನನ್ನ ಮಗನಿಗೆ ಬೈಕು ಬಂದದ್ದೂ ಹಾಗೆಯೇ. ಆ ಮಾತನ್ನು ನಾವು ಮೆಲ್ಲಗೆ ನುಂಗಿಬಿಡುತ್ತೇವೆ. ಆಕೆ ನುಂಗಲಿಲ್ಲ. ಮಗನ ಸ್ಮಾರಕಕ್ಕೆ ಕೈಹಾಕಿ, ಬಿಟ್ಟು, ಮತ್ತೆ ಹಿಡಿದು, ಕಡೆಗೆ ಅದು ಬೆಲ್ಜಿಯಂನ ಸಮಾಧಿಭೂಮಿಯಲ್ಲಿ ನಿಂತದ್ದು 1932ರಲ್ಲಿ. ಮೊದಲು ಮಲಗಿದ ಮಗನ ಪ್ರತಿಮೆಯೂ ಇರಬೇಕೆಂದಿತ್ತು, ಕೊನೆಗೆ ಅವನಿಲ್ಲ. ಮಂಡಿಯೂರಿದ ಅಪ್ಪ ಒಂದು ಕಲ್ಲು, ಅಮ್ಮ ಒಂದು ಕಲ್ಲು, ನಡುವೆ ಬರಿಯ ಜಾಗ. ಅಪ್ಪ ತನ್ನನ್ನು ತಾನೇ ತಬ್ಬಿ ನೆಟ್ಟಗಿದ್ದಾನೆ. ಅಮ್ಮ ಬಾಗಿದ್ದಾಳೆ. ಮುಖ ಕೇಟೆಯದೇ. ನನಗದು ಕ್ಷಮೆ ಕೇಳುವ ಭಂಗಿಯಂತೆ ಕಾಣುತ್ತದೆ.

ಇದನ್ನೆಲ್ಲ ‘ಮಾತೃಹೃದಯ’ ಎಂದು ಒರೆಸಿಹಾಕುವುದು ಎಷ್ಟು ಸುಲಭ! 1918ರಲ್ಲಿ ಕವಿ ರಿಚರ್ಡ್ ಡೇಮೆಲ್ ಇನ್ನಷ್ಟು ಜನರನ್ನು ರಣರಂಗಕ್ಕೆ ಕರೆದಾಗ, ಸತ್ತದ್ದು ಸಾಕು ಎಂದು ಪತ್ರಿಕೆಯಲ್ಲೇ ಎದುರು ಬರೆದವಳು ಈಕೆ.

ಮುಂದಿನ ಯುದ್ಧದ ಹೊತ್ತಿಗೆ, ಎಪ್ಪತ್ತನಾಲ್ಕರ ವಯಸ್ಸಿನಲ್ಲಿ, ಮತ್ತೊಬ್ಬ ತಾಯಿಯನ್ನು ಬರೆದಳು. ಹೊರಗೆ ಇಣುಕುವ ತುಂಟ ಹುಡುಗರನ್ನು ಆ ತಾಯಿ ತೋಳಿನಡಿ ಅದುಮಿ ಹಿಡಿದಿದ್ದಾಳೆ. ಈ ಸಲ ಅಪ್ಪನನ್ನು ಒಪ್ಪಿಸಿಕೊಡುವ ಮುಖವಲ್ಲ ಅದು.