ಕುರುಗೋಡಿನ ಮೆಣಸಿನಕಾಯಿಗೆ ಕೊರಿಯರ್ ಯಾಕೆ?

ಕಳೆದ ರಂಜಾನ್‌ಗೆ ನಾಲ್ಕು ದಿನ ಇರುವಾಗ ನಮ್ಮ ಮನೆಗೆ ಒಂದು ಪಾರ್ಸೆಲ್ ಬಂತು. ಆರ್ಡರ್ ಮಾಡಿದವಳು ನಾನೇ. ಅಜ್ವಾ ಖರ್ಜೂರ, ಒಣ ಅಂಜೂರ, ಬಿರಿಯಾನಿಗೆ ಶಾಹಿ ಜೀರಾ, ಜೊತೆಗೆ 'ಅಸಲಿ ಬ್ಯಾಡಗಿ' ಎಂದು ಬರೆದಿದ್ದ 200 ಗ್ರಾಂ ಖಾರದ ಪುಡಿ. ಫೋನಿನ ಚಿತ್ರದಲ್ಲಿ ಪುಡಿ ದಾಳಿಂಬೆ ಕಾಳಿನ ಬಣ್ಣಕ್ಕಿತ್ತು. ಡಬ್ಬಿಗೆ ಸುರಿದರೆ ಇಟ್ಟಿಗೆ ಬಣ್ಣ. ಪ್ಯಾಕೆಟ್ ತಿರುಗಿಸಿ ನೋಡಿದೆ, ಪ್ಯಾಕ್ ಮಾಡಿ ಹದಿಮೂರು ತಿಂಗಳಾಗಿತ್ತು. ಅಮ್ಮಿ ಬೈಯಲಿಲ್ಲ. "ನಿನ್ನ ಮಾಮು ಕುರುಗೋಡಲ್ಲಿ ಮೆಣಸಿನಕಾಯಿ ಬೆಳೀತಾನೆ, ನೀನು ದಿಲ್ಲಿಯಿಂದ ತರಿಸ್ತೀಯ" ಎಂದಷ್ಟೇ ಹೇಳಿದರು. ಬೈದಿದ್ದರೇ ವಾಸಿಯಿತ್ತು.

ಆನ್‌ಲೈನ್ ಖರೀದಿಯೇ ಕೆಟ್ಟದ್ದು ಎಂದು ಹೇಳಲು ನಾನು ಇದನ್ನು ಬರೆಯುತ್ತಿಲ್ಲ. ಮೊಣಕಾಲು ನೋವಿರುವ ಅಮ್ಮಿಗೆ ಬ್ರೂಸ್‌ಪೇಟೆಯ ಅಂಗಡಿಗಳನ್ನು ಸುತ್ತುವುದು ಆಗುವುದಿಲ್ಲ. ಅಬ್ಬಾ ಮನೆಗೆ ಬರುವಷ್ಟರಲ್ಲಿ ರಾತ್ರಿ. ಆದ್ದರಿಂದ ಫೋನೇ ಅವರ ಪೇಟೆ. ಮದೀನಾದ ಅಜ್ವಾ, ಕಾಶ್ಮೀರದ ಕೇಸರಿ ನಮ್ಮ ಹೊಲದಲ್ಲಿ ಬೆಳೆಯುವುದಿಲ್ಲ, ದೂರದಿಂದ ತರಿಸಲೇಬೇಕು. ನನ್ನ ತಕರಾರು ನಮ್ಮ ಹಿತ್ತಲಲ್ಲೇ ಬೆಳೆಯುವುದರ ಬಗ್ಗೆ ಮಾತ್ರ.

ಬ್ಯಾಡಗಿ ಮೆಣಸಿನಕಾಯಿಗೆ ನಾವು ಹೆಚ್ಚು ಹಣ ಕೊಡುವುದು ಖಾರಕ್ಕಲ್ಲ, ಬಣ್ಣಕ್ಕೆ. ಖಾರ ಬೇಕೆಂದರೆ ಗುಂಟೂರಿನದು ಇದೆ. ಬ್ಯಾಡಗಿಯ ಬಣ್ಣವನ್ನು ಎಣ್ಣೆಯ ರೂಪದಲ್ಲಿ ತೆಗೆದು ಲಿಪ್‌ಸ್ಟಿಕ್, ನೇಲ್ ಪಾಲಿಶ್‌ಗೂ ಬಳಸುತ್ತಾರೆ. 2011ರಲ್ಲಿ ಇದಕ್ಕೆ ಜಿಐ ಮಾನ್ಯತೆ ಸಿಕ್ಕಿತು. ಆದರೆ ಈ ಬಣ್ಣ ಬೆಳಕಿಗೆ, ಬಿಸಿಗೆ, ಕಾಲಕ್ಕೆ ಮಾಸುತ್ತಾ ಹೋಗುತ್ತದೆ. ವ್ಯಾಪಾರಿಗಳು ಕಾಯಿಯನ್ನು ಶೀತಲ ಗೃಹದಲ್ಲಿ ಇಡುವುದು ಅದಕ್ಕೇ. ಪುಡಿ ಮಾಡಿದ ಮೇಲೆ ಇನ್ನೂ ಬೇಗ ಮಾಸುತ್ತದೆ. ಅಂದರೆ ಖಾರದ ಪುಡಿ ಕೊಳ್ಳುವವರು ಮೊದಲು ನೋಡಬೇಕಾದದ್ದು ತಾರೀಖನ್ನು.

ಫೋನಿನಲ್ಲಿ ಕಾಣದಿರುವುದೂ ಅದೇ. ಮಾರುವವನು ಮುಚ್ಚಿಟ್ಟಿದ್ದಾನೆ ಎಂದು ನಾನು ಮೊದಲು ಸಿಟ್ಟಾಗಿದ್ದೆ. ನಮ್ಮ ಉಪನ್ಯಾಸಕರೊಬ್ಬರು 2011ರ ಪ್ಯಾಕೇಜ್ ಸರಕುಗಳ ನಿಯಮ ತೋರಿಸಿದರು. ಆನ್‌ಲೈನ್ ಮಾರಾಟದಲ್ಲಿ ಬೆಲೆ, ತೂಕ, ತಯಾರಕರ ವಿಳಾಸ ಎಲ್ಲವನ್ನೂ ಪರದೆಯ ಮೇಲೆ ತೋರಿಸಬೇಕು. ತಯಾರಿಸಿದ ಅಥವಾ ಪ್ಯಾಕ್ ಮಾಡಿದ ತಿಂಗಳು, ವರ್ಷಕ್ಕೆ ಮಾತ್ರ ವಿನಾಯಿತಿ! ಗೋದಾಮಿನಲ್ಲಿ ಬೇರೆ ಬೇರೆ ತಾರೀಖಿನ ಪ್ಯಾಕೆಟ್ ಇರುತ್ತವೆ, ಯಾವುದು ಯಾರಿಗೆ ಹೋಗುತ್ತದೆಂದು ಮೊದಲೇ ಹೇಳುವುದು ಕಷ್ಟ, ಒಪ್ಪುತ್ತೇನೆ. ಆದರೆ ಅಂಗಡಿಯಲ್ಲಿ ಪ್ಯಾಕೆಟ್ ತಿರುಗಿಸಿ ನೋಡುವ ನಮ್ಮ ಕೈ ಇಲ್ಲಿ ಕಟ್ಟಿಹೋಗಿದೆ.

ಈಗ ಮಾಮುವಿನ ಕಥೆ. ಬಳ್ಳಾರಿ, ಕುರುಗೋಡು, ಸಿರುಗುಪ್ಪ ಕಡೆಯ ರೈತರು ಮೆಣಸಿನಕಾಯಿ ಚೀಲಗಳನ್ನು ಲಾರಿಗೆ ಏರಿಸಿ ಹಾವೇರಿ ಜಿಲ್ಲೆಯ ಬ್ಯಾಡಗಿಗೆ ಒಯ್ಯುತ್ತಾರೆ. ಅಲ್ಲಿ ಹೇಳಿದ ದರಕ್ಕೆ ಕೊಡಬೇಕು, ವಾಪಸ್ ತರಲು ಮತ್ತೆ ಬಾಡಿಗೆ ಯಾರು ಕೊಡುತ್ತಾರೆ? 2024ರ ಮಾರ್ಚ್ 11ರಂದು ದರ ಕುಸಿಯಿತೆಂದು ಸಿಟ್ಟಿಗೆದ್ದ ರೈತರು ಅಲ್ಲಿನ ಎಪಿಎಂಸಿ ಕಚೇರಿಗೆ ನುಗ್ಗಿದರು, ವಾಹನಗಳಿಗೆ ಬೆಂಕಿ ಬಿತ್ತು. ಬೆಂಕಿ ಹಚ್ಚಿದ್ದನ್ನು ಸರಿ ಎನ್ನಲಾರೆ. ಮಾಮು ಅದಕ್ಕೆ ಒಂದು ವಾರ ಮೊದಲೇ ಸಿಕ್ಕಷ್ಟಕ್ಕೆ ಮಾರಿ ಬಂದಿದ್ದರು. ಆ ವರ್ಷ ಎಸ್ಸೆಸ್ಸೆಲ್ಸಿ ಮುಗಿಸಿದ ಅವರ ಮಗಳು ಕಾಲೇಜಿಗೆ ಸೇರಲಿಲ್ಲ. ಒಂದು ವರ್ಷ ಮನೆಯಲ್ಲಿ ಕೂತು ಈಗ ನಮ್ಮದೇ ಕಾಲೇಜಿನಲ್ಲಿ ಪ್ರಥಮ ಪಿಯು ಓದುತ್ತಿದ್ದಾಳೆ. ಇದನ್ನು ಬರೆಯಲು ಅವಳನ್ನು ಕೇಳಿದೆ. "ಬರಿ, ಆದ್ರೆ ಹೆಸರು ಬೇಡ" ಎಂದಳು.

ನಾನು ವಾಣಿಜ್ಯ ವಿಭಾಗದವಳು, ಲೆಕ್ಕ ಹಾಕದೆ ಬಿಡಲಾರೆ. ನನ್ನ ಪ್ಯಾಕೆಟ್‌ಗೆ 180 ರೂಪಾಯಿ, ಅಂದರೆ ಕೆಜಿಗೆ 900. ಮಾಮುವಿಗೆ ಒಣ ಕಾಯಿಗೆ ಅದರ ಐದನೇ ಒಂದು ಭಾಗವೂ ಸಿಗಲಿಲ್ಲ. ನಡುವಿನದೆಲ್ಲ ಲೂಟಿ ಎನ್ನುವುದು ಸುಲಭ, ಆದರೆ ಪೂರ್ತಿ ನಿಜವಲ್ಲ. ತೊಟ್ಟು ಬಿಡಿಸುವ ಕೂಲಿ, ಬೀಸುವಾಗ ಆಗುವ ನಷ್ಟ, ಪ್ಯಾಕಿಂಗ್, 5% ಜಿಎಸ್‌ಟಿ, ಕೊರಿಯರ್, ಕಮಿಷನ್ ಎಲ್ಲವೂ ಅದರಲ್ಲಿವೆ. ಇಷ್ಟು ಖರ್ಚು ಮಾಡಿ ಬಣ್ಣ ಹೋದ ಪುಡಿ ತರಿಸಿಕೊಂಡೆನಲ್ಲ ಎಂಬುದೇ ನನ್ನ ಹೊಟ್ಟೆಯುರಿ.

ಮಾಮುವನ್ನೂ ನಾನು ಬಿಡಲಿಲ್ಲ. "ನಿಮ್ಮದು ಅಸಲಿ ಬ್ಯಾಡಗಿನಾ?" ಎಂದು ಕೇಳಿದೆ. ನಕ್ಕರು. ಅವರು ಬಿತ್ತಿದ್ದು ಕಂಪನಿ ಹೈಬ್ರಿಡ್, ಇಳುವರಿ ಜಾಸ್ತಿ. ಸುಕ್ಕುಸುಕ್ಕಾದ ಉದ್ದನೆಯ ಕಡ್ಡಿ ತಳಿ ಹಾಕಿದರೆ ಸಾಲ ತೀರುವುದಿಲ್ಲವಂತೆ. ಅಂದರೆ ಹತ್ತಿರದ್ದೆಲ್ಲ ಅಸಲಿ, ದೂರದ್ದೆಲ್ಲ ನಕಲಿ ಎನ್ನುವ ಹಾಗಿಲ್ಲ. ಆದರೆ ಮಾಮು ಕೇಳಿದ್ದಕ್ಕೆ ನಿಜ ಹೇಳಿದರು. ಪ್ಯಾಕೆಟ್‌ಗೆ ಕೇಳಿದರೆ ಅದು 'ಅಸಲಿ' ಎಂದೇ ಹೇಳುತ್ತದೆ.

ಅಂಜೂರದ್ದೂ ಇದೇ ಪಾಡು. ಕೇಂದ್ರದ 'ಒಂದು ಜಿಲ್ಲೆ ಒಂದು ಉತ್ಪನ್ನ' ಯೋಜನೆಯಲ್ಲಿ ಬಳ್ಳಾರಿಯ ಹೆಸರಿನ ಮುಂದೆ ಇರುವುದೇ ಅಂಜೂರ. ಇಫ್ತಾರ್‌ಗೆ ನಾನು ತರಿಸಿದ್ದು ಅಫ್ಘಾನಿಸ್ತಾನದ್ದು. ಸಿರುಗುಪ್ಪದ ಅಕ್ಕಿಯ ವಿಷಯದಲ್ಲಿ ಮಾತ್ರ ನಾವು ಬಚಾವ್. ಖಾಲಾ ಅಲ್ಲೇ ಇದ್ದಾರೆ, ಸೋನಾ ಮಸೂರಿ ಮೂಟೆ ಬಸ್ಸಿನಲ್ಲೇ ಬರುತ್ತದೆ.

ಆನ್‌ಲೈನ್‌ನಲ್ಲಿ ತರಿಸಲೇಬೇಕಾದವರಿಗೆ ಎರಡು ಮಾತು. ಪ್ಯಾಕೆಟ್ ಬಂದ ಕೂಡಲೇ ತೆರೆಯಬೇಡಿ. ಮೊದಲು ತಾರೀಖು ಮತ್ತು 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆ ನೋಡಿ, ಫೋಟೋ ತೆಗೆದಿಡಿ. ತೆರೆದ ಪ್ಯಾಕೆಟ್ ಎಂದು ನನ್ನ ದೂರನ್ನು ಯಾರೂ ಕೇಳಲಿಲ್ಲ. ಆಮೇಲೆ ಒಂದು ಲೋಟ ನೀರಿನ ಮೇಲೆ ಚಿಟಿಕೆ ಪುಡಿ ಉದುರಿಸಿ. ಬಣ್ಣ ಗೆರೆಗೆರೆಯಾಗಿ ತಕ್ಷಣ ಕೆಳಗಿಳಿದರೆ ಕೃತಕ ಬಣ್ಣ ಬೆರೆಸಿದ್ದಾರೆಂದು ಅನುಮಾನಿಸಬೇಕು. ನನ್ನದರಲ್ಲಿ ಇಳಿಯಲಿಲ್ಲ. ಅದು ಕಲಬೆರಕೆಯಲ್ಲ, ಬರೀ ಮುದಿ ಪುಡಿ.

ನಾವು ಹತ್ತು ಮನೆಯವರು ಕೊಂಡರೆ ಬ್ಯಾಡಗಿಯ ದರ ಏರುವುದಿಲ್ಲ, ಅದು ನನಗೂ ಗೊತ್ತು. ಆದರೆ ಹತ್ತು ಮನೆಗೆ ತಲಾ ಮೂರು ಕೆಜಿ ಎಂದರೆ ಮೂವತ್ತು ಕೆಜಿ. ಅಷ್ಟು ಕಾಯಿ ಲಾರಿ ಹತ್ತದೆ, ದಲಾಲಿ ಇಲ್ಲದೆ ಮಾರಾಟವಾಗುತ್ತದೆ. ಈ ಸಲ ರಂಜಾನ್ ಫೆಬ್ರವರಿಯಲ್ಲಿ ಬರುತ್ತದೆ, ಹೊಸ ಕಾಯಿಯೂ ಅದೇ ಹೊತ್ತಿಗೆ ಒಣಗಿರುತ್ತದೆ. ಮಾಮು ದರ ಇನ್ನೂ ಹೇಳಿಲ್ಲ, "ಕಣದಲ್ಲಿ ಕಾಯಿ ನೋಡಿ ಆಮೇಲೆ ಮಾತಾಡೋಣ" ಎಂದಿದ್ದಾರೆ. ಪಟ್ಟಿಯಲ್ಲಿ ಈಗ ಆರು ಮನೆಗಳಿವೆ, ಅವುಗಳಲ್ಲಿ ಎರಡು ನಮ್ಮ ಉಪನ್ಯಾಸಕರವು. ತೊಟ್ಟು ಮಾತ್ರ ನೀವೇ ಬಿಡಿಸಿಕೊಳ್ಳಬೇಕು.